ಮಾವ ಸಾಕು ಎಂದ ದಿನ

ನನ್ನ ಸೋದರಮಾವ ಹುಟ್ಟಿದಾಗಿನಿಂದ ಒಮ್ಮೆಯೂ ಮನಸಾರೆ 'ಸಾಕು' ಎಂದವನಲ್ಲ. ಸಾಕು ಎನ್ನುವವರು ಬಾಳೆಲೆಗೆ ಕೈ ಅಡ್ಡ ಹಿಡಿಯಬೇಕಲ್ಲ? ಇವನ ಕೈ ಅಡ್ಡ ಬರುವುದೇ ಇಲ್ಲ! ಅತ್ತೆ "ಎಂತ ಸಾಕು? ಸುಮ್ನೆ ತಿನ್ನಿ!" ಎಂದು ಗದರಿ ಸುರಿಯಬೇಕು. ನಮ್ಮ ಕಡೆ ಒತ್ತಾಯವಿಲ್ಲದ ಊಟ ಒಂದು ಊಟವೇ? ಮಾವನ ಊರು ವಾನಳ್ಳಿಗೆ ಹೋದಾಗಲೆಲ್ಲ ದಿನಚರಿಯಲ್ಲಿ ಲೆಕ್ಕ ಇಟ್ಟಿದ್ದೇನೆ: ಒಂದು ಸಾಕಿಗೆ ಸರಾಸರಿ ಎರಡು ಸೌಟು.

ಎಳೆಯ ವಯಸ್ಸಿನಲ್ಲಿ ಮಾವ ಕೆಲಕಾಲ ಬೊಂಬಾಯಿಯಲ್ಲಿದ್ದ. ಅಲ್ಲಿ ಕಾಳಿನ ಗಸಿಗೆ ಬ್ರೆಡ್ಡು ಅದ್ದಿ ತಿಂದ ಉಸಳಿ-ಪಾವನ್ನು ಮರೆತಿಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಮಾವನ ನಾಲಿಗೆ ಮಾತ್ರ ಸೇರಲಿಲ್ಲ! ಅತ್ತೆ ಏನು ಬಡಿಸಿದರೂ "ಚಲೋ ಇದ್ದು, ಆದ್ರೆ ಬೊಂಬಾಯಿ ಉಸಳಿ..." ಎಂದು ರಾಗ.

ಒಂದು ದಿನ ಆ ರಾಗದ ಕೊನೆಗೆ ಅವನು ಎಂದಿನಂತೆ ಸಾಕು ಎಂದ. "ಸಾಕಾ? ಹಂಗಾರೆ ಸಾಕು" ಎಂದ ಅತ್ತೆ ಸೌಟು ಕೆಳಗಿಟ್ಟು, ತವರೂರು ಮಾಗೋಡಿಗೆ ಹೊರಟೇಬಿಟ್ಟಳು.

ಅತ್ತ ಅತ್ತೆ ಹೋದಳು, ಇತ್ತ ಶಿರಸಿಯಲ್ಲಿ ಹೊಸ ಹೋಟೆಲಿನ ಬೋರ್ಡು ಬಂತು: 'ಬೊಂಬಾಯಿ ಉಸಳಿ-ಪಾವು, ಕೂತ ಕೂಡಲೇ!'

"ನಡಿ ತಮಾ, ಹೋಪನ" ಎಂದು ಮಾವ ನನ್ನನ್ನೂ ಎಳೆದುಕೊಂಡು ಹೋದ.

ನಿಜಕ್ಕೂ ಕೂತ ಕೂಡಲೇ ಬಂತು. ಮಾವ ಪಾವು ಅದ್ದಿ ಕಣ್ಣುಮುಚ್ಚಿದ.

"ಎಂತ ಮಾವಾ, ಅದೇ ರುಚಿಯಾ?"

"ಅದೇ. ಚೂರೂ ಹೆಚ್ಚು ಕಮ್ಮಿ ಇಲ್ಲೆ." ದನಿಯಲ್ಲಿ ಹುರುಪಿರಲಿಲ್ಲ.

ಅರ್ಧ ತಿಂದಿದ್ದ. ಬಡಿಸುವವನು ಬಂದು "ಇನ್ನೂ ಉಸಳಿ ಹಾಕಲಾ?" ಎಂದ.

"ಅಯ್ಯೋ, ಸಾಕು ಸಾಕು!"

ಅವನು ಬಸಿಯನ್ನೇ ಎತ್ತಿಕೊಂಡು ಹೋದ! ಮೇಜನ್ನೂ ಒರೆಸಿದ! ಮಾವ ಎಂಜಲು ಕೈ ಗಾಳಿಯಲ್ಲಿ ಹಿಡಿದು, ಖಾಲಿ ಮೇಜನ್ನೇ ನೋಡುತ್ತ ಕೂತ.

"ಒಂದು ಮಾತು ಒತ್ತಾಯ ಮಾಡಿದ್ನಿಲ್ಲೆ ತಮಾ."

ಹೊರಗೆ ಬಂದವನು ಯಲ್ಲಾಪುರದ ಬಸ್ಸು ಹತ್ತಿದ.

"ವಾನಳ್ಳಿ ಬಸ್ಸು ಆಚಿಗೆ ಇದ್ದು, ಮಾವಾ!"

"ಗೊತ್ತಿದ್ದು. ನಂಗೆ ಹಸಿವು. ಹತ್ತು ನೀನು."

ಯಲ್ಲಾಪುರದಲ್ಲಿಳಿದು ಮಾಗೋಡು ಮುಟ್ಟಿದೆವು. ಅತ್ತೆ ಬಾಳೆ ಹಾಕಿದಳು, ಅನ್ನಕ್ಕೆ ತಂಬುಳಿ ಬಿಟ್ಟಳು. ಮತ್ತೊಮ್ಮೆ ಸೌಟು ತಂದಾಗ, ಹಾಳು ರೂಢಿ ನೋಡಿ, ಮಾವನ ಬಾಯಿಂದ "ಸಾಕು" ಎಂದೇ ಬಂತು!

ಸೌಟು ನಿಂತಿತು. ಮಾವನ ಮುಖ ಬಿಳಚಿತು.

"ಎಂತ ಸಾಕು?" ಗದರಲು ಹೊರಟ ಅತ್ತೆಯ ದನಿ ನಡುವೆಯೇ ಒಡೆಯಿತು. "ಸುಮ್ನೆ ತಿನ್ನಿ. ಎಷ್ಟು ಸೊರಗಿಹೋಯ್ದಿ ನಿಂಗ..."