ಹದಿನಾಲ್ಕನೇ ಕಾಲಮಿನ ತೂತಿನ ಬಗ್ಗೆ

ವಿದೇಶಿ ನೆರವು ಹಂಚಿಕೆ ಇಲಾಖೆ
ಸುತ್ತೋಲೆ ಸಂಖ್ಯೆ: ವಿನೆಹಂ/14/ತೂತು/ತುರ್ತು

ವಿಷಯ: ನೆರವಿನ ನಮೂನೆಯ 14ನೇ (‘ಮಾನವ ಹಕ್ಕು’) ಕಾಲಮನ್ನು ಪೆನ್ಸಿಲಿನಲ್ಲೇ ತುಂಬುವ ಕುರಿತು.

ಉಲ್ಲೇಖ: ಮಿತ್ರರಾಷ್ಟ್ರದ ಮೇಷ್ಟ್ರೊಬ್ಬರ ಹೆಂಡತಿಯ ನಲವತ್ತೊಂದು ಪತ್ರಗಳು (ಉತ್ತರಿಸಿಲ್ಲ).

ಮಿತ್ರರಾಷ್ಟ್ರಕ್ಕೆ ನಾವು ಕೊಟ್ಟ ಕುಡಿಯುವ ನೀರಿನ ಪಂಪುಗಳು ಅಲ್ಲಿನ ಮಂತ್ರಿಗಳ ತೋಟ ಸೇರಿದ್ದೇಕೆಂದು ಕೇಳಿದ ಸದರಿ ಮೇಷ್ಟ್ರನ್ನು ಜೈಲಿಗೆ ಹಾಕಿರುವುದು ಇಲಾಖೆಯ ಗಮನಕ್ಕೆ ಪೆನ್ಸಿಲಿನಲ್ಲಿ ಬಂದಿರುತ್ತದೆ. ಹೀಗಿರುವಾಗ, ಎಲ್ಲರೂ ‘ಟಪಾಲಕ್ಕ’ ಎಂದು ಕರೆಯುವ ಹಿರಿಯ ಗುಮಾಸ್ತೆಯು ಹೊಸ ಪಂಪುಗಳ ಕಡತದ 14ನೇ ಕಾಲಮಿನಲ್ಲಿ ‘ಮೇಷ್ಟ್ರು ಇನ್ನೂ ಒಳಗೇ ಇದ್ದಾರೆ’ ಎಂದು ನೀಲಿ ಶಾಯಿಯಲ್ಲಿ ಬರೆದಿರುತ್ತಾರೆ. ಕಾರಣ ಕೇಳಲಾಗಿ, “ಅಳಿಸಿ ಅಳಿಸಿ ರಬ್ಬರು ಸವೆದ್ಹೋಯ್ತು ಸಾರ್, ಮೇಷ್ಟ್ರು ಮಾತ್ರ ಹೊರಗೆ ಬರ್ಲಿಲ್ಲ” ಎಂದಿರುತ್ತಾರೆ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಸದರಿ ಕಾಲಮನ್ನು ಪೆನ್ಸಿಲಿನಲ್ಲಿ ಮಾತ್ರ ತುಂಬತಕ್ಕದ್ದು. ಒತ್ತಿ ಬರೆಯಬಾರದು.

2. ‘ಕಳವಳ’ವನ್ನು ಶಾಖಾಧಿಕಾರಿಗಳೂ ‘ತೀವ್ರ ಕಳವಳ’ವನ್ನು ನಿರ್ದೇಶಕರೂ ವ್ಯಕ್ತಪಡಿಸತಕ್ಕದ್ದು. ಗುಮಾಸ್ತರು ತಮ್ಮ ಕಳವಳವನ್ನು ಊಟದ ವಿರಾಮದಲ್ಲಿ ಮುಗಿಸಿಕೊಳ್ಳತಕ್ಕದ್ದು.

3. ಕೈದಿಗಳ ಯೋಗಕ್ಷೇಮವನ್ನು, ಮಿತ್ರರಾಷ್ಟ್ರ ಕಳುಹಿಸಿದ ಗೋಡೆ ಕ್ಯಾಲೆಂಡರಿನಲ್ಲಿ ನಗುತ್ತಿರುವವರನ್ನು ನೋಡಿ ನಿರ್ಧರಿಸತಕ್ಕದ್ದು. ಫೆಬ್ರವರಿಯಲ್ಲಿ ಬರೀ ಜಲಪಾತವಿರುವುದರಿಂದ ಆ ತಿಂಗಳು ಜಲಪಾತವು ನಗುತ್ತಿದೆಯೆಂದು ಭಾವಿಸುವುದು.

4. ಶಾಯಿಯನ್ನು ಬ್ಲೇಡಿನಿಂದ ಕೆರೆಯಬಾರದು. ಶಾಖಾಧಿಕಾರಿಗಳು ಹಾಗೆ ಕೆರೆದು ಕಾಲಂ ತೂತಾಗಿ, ಅಡಿಯಲ್ಲಿದ್ದ ನಲವತ್ತೊಂದನೇ ಪತ್ರದ ‘ಒಳಗೆ ಅವರ ಕನ್ನಡಕ ಕಿತ್ತುಕೊಂಡಿದ್ದಾರೆ, ಅದನ್ನಾದ್ರೂ ಕೊಡಿಸಿ’ ಎಂಬ ಸಾಲು ಇಣುಕಿರುತ್ತದೆ.

5. ಹೊಸ ಪಂಪುಗಳ ಕಡತಕ್ಕೆ ಸಹಿ ಹಾಕಲು ಬಂದ ಮಿತ್ರರಾಷ್ಟ್ರದ ರಾಯಭಾರಿಗಳು ತೂತಿನಲ್ಲಿ ಇಣುಕಿ, “ಇದ್ಯಾರಮ್ಮಾ?” ಎನ್ನಲಾಗಿ, ಟಪಾಲಕ್ಕ ಉಳಿದ ನಲವತ್ತು ಪತ್ರಗಳನ್ನೂ ಓದಿ ಹೇಳಿರುತ್ತಾರೆ. ಚಹಾ ಎರಡು ಸಲ ತರಿಸಲಾಯಿತು. ಬಾಗಿಲಲ್ಲಿ ಪತ್ರಿಕೆಯವರು ಕ್ಯಾಮೆರಾ ಹಿಡಿದು ಕಾದಿದ್ದರು. ಕೊನೆಗೆ ರಾಯಭಾರಿಗಳು ಇಲಾಖೆಯ ಫೋನಿನಲ್ಲೇ ತಮ್ಮ ಸರ್ಕಾರಕ್ಕೆ ಕರೆ ಮಾಡಿ, “ಆ ಮೇಷ್ಟ್ರನ್ನ ಮೊದ್ಲು ಮನೆಗೆ ಕಳಿಸ್ರಪ್ಪಾ, ಈಯಮ್ಮ ಕಡತ ಬಿಡ್ತಿಲ್ಲ!” ಎಂದಿರುತ್ತಾರೆ. ವಿದೇಶಿ ಕರೆಗೆ ಪೂರ್ವಾನುಮತಿ ಪಡೆದಿರುವುದಿಲ್ಲ.

6. ಆದ್ದರಿಂದ ಇನ್ನು ಮುಂದೆ 14ನೇ ಕಾಲಮನ್ನು ತೂತು ಸಮೇತವೇ ಮುದ್ರಿಸತಕ್ಕದ್ದು. ಅಡಿಯಲ್ಲಿ ಯಾವ ಪತ್ರವಿಡಬೇಕೆಂಬುದು ಟಪಾಲಕ್ಕನ ವಿವೇಚನೆಗೆ ಬಿಟ್ಟಿದ್ದು.

ಸಹಿ/- (ಪೆನ್ಸಿಲಿನಲ್ಲಿ)
ಬ್ಲೇಡು ಹಿಡಿದಿದ್ದ ಶಾಖಾಧಿಕಾರಿ,
ನಿರ್ದೇಶಕರ ಪರವಾಗಿ

ಪ್ರತಿಗಳು:
ಮುದ್ರಣಾಲಯಕ್ಕೆ, ಮಾದರಿ ತೂತಿನೊಂದಿಗೆ.
ಟಪಾಲಕ್ಕನಿಗೆ, ಎಚ್ಚರಿಕೆ ಹಾಗೂ ಹೊಸ ರಬ್ಬರಿನೊಂದಿಗೆ (ರಬ್ಬರು ವಾಪಸು ಬಂದಿದೆ).
ಮೇಷ್ಟ್ರಿಗೆ. ಜೈಲಿನ ವಿಳಾಸ ಹೊಡೆದುಹಾಕಿ ಮನೆಯ ವಿಳಾಸ ಬರೆಯಲಾಗಿದೆ, ಶಾಯಿಯಲ್ಲಿ.