ಎರಡು ಸಲ ಕುದಿಯುವ ಸೂಜಿ

ದೇವರು ಮನುಷ್ಯನನ್ನು ಮಾಡುವಾಗ ನಮ್ಮ ಭಾವನ ಹತ್ತಿರ ಒಂದು ಮಾತು ಕೇಳಿದ್ದರೆ, ಮೇದೋಜೀರಕ ಗ್ರಂಥಿಯೆಂಬ ಅಂಗ ಹೊಟ್ಟೆಯ ಹಿಂದೆ ಯಾರ ಕೈಗೂ ಸಿಗದ ಮೂಲೆಯಲ್ಲಿ ಇರುತ್ತಿರಲಿಲ್ಲ. ಕಿವಿಯ ಹಾಗೆ ಹೊರಗೇ ಇರುತ್ತಿತ್ತು. ಕೆಟ್ಟರೆ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಸಿಕ್ಕಿಸಬಹುದಿತ್ತು. ಇದು ನನ್ನ ಅಭಿಪ್ರಾಯವಲ್ಲ, ಭಾವನದು. ಇಷ್ಟು ಅಧಿಕಾರದಿಂದ ಮಾತಾಡುವ ಮನುಷ್ಯ ದೊಡ್ಡ ಸರ್ಜನ್ನೋ ವಿಜ್ಞಾನಿಯೋ ಇರಬೇಕೆಂದು ನೀವು ಎಣಿಸಿದರೆ ತಪ್ಪು ನಿಮ್ಮದಲ್ಲ. ಅವರು ಗುರುವಾಯನಕೆರೆಯ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದರು. ಓದಿದ್ದು ಎಂಟನೇ ಕ್ಲಾಸು. ಆಸ್ತಿ ಎಂದರೆ ಒಂದು ಸೀಟಿ, ಒಂದು ಗಡಿಯಾರ ಮತ್ತು ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು ಎಂದು ಬರೆಯುವ ಉದ್ದನೆಯ ಪುಸ್ತಕ.

ಅಂಥವರು ವೈದ್ಯಕೀಯ ಸಂಶೋಧನೆಗೆ ಇಳಿದದ್ದು ನನ್ನ ಅಕ್ಕನ ದೆಸೆಯಿಂದ. ಮದುವೆಯಾಗಿ ಎರಡು ವರ್ಷ ಆಗುವಷ್ಟರಲ್ಲಿ ಅಕ್ಕನಿಗೆ ಆ ಗ್ರಂಥಿ ಕೆಟ್ಟು ಸಕ್ಕರೆ ಕಾಯಿಲೆ ಬಂದಿದೆ ಎಂದು ಗೊತ್ತಾಯಿತು. ಮಾತ್ರೆಗೆ ಬಗ್ಗುವ ಜಾತಿಯದ್ದಲ್ಲ, ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಲೇಬೇಕು, ಬಿಟ್ಟರೆ ಜೀವ ಉಳಿಯುವುದಿಲ್ಲ ಎಂದು ಪೇಟೆಯ ಡಾಕ್ಟ್ರು ಹೇಳಿದರು. ಅಕ್ಕನೋ, ಸಣ್ಣವಳಿರುವಾಗ ಲಸಿಕೆ ಹಾಕುವವರನ್ನು ಕಂಡು ಹಟ್ಟಿಯಲ್ಲಿ ದನದ ಹಿಂದೆ ಅಡಗಿ ಕೂತವಳು. ಮೊದಲ ಹದಿನೈದು ದಿನ ಕಾಂಪೌಂಡರು ಬಂದು ಚುಚ್ಚಿದ. ಹದಿನಾರನೇ ದಿನ ಅಕ್ಕ ಬಾಗಿಲು ಹಾಕಿ ಕೂತಳು.

"ಸತ್ತರೂ ಆಯ್ತು. ದಬ್ಬಣ ಚುಚ್ಚಿದ ಹಾಗೆ ಆಗ್ತದೆ. ಇನ್ನು ನಾನು ಚುಚ್ಚಿಸಿಕೊಳ್ಳುವುದಿಲ್ಲ."

ಅವಳು ಹಟದ ಹೆಂಗಸು. ಮಾಡುವುದಿಲ್ಲ ಎಂದರೆ ಮಾಡುವವಳಲ್ಲ. ಬಾಗಿಲ ಹೊರಗೆ ಭಾವ ಒಂದು ಗಂಟೆ ನಿಂತರು. ಆಮೇಲೆ, "ನಾನೇ ಕೊಡ್ತೇನೆ. ನೋಯುವುದಿಲ್ಲ. ನೋಯ್ತದೆ ಅಂತ ನೀನು ಹೇಳಿದ ದಿನ ನಿಲ್ಲಿಸುವ," ಎಂದರು. ಬಸ್ಸಿನ ಟೈಮು ಬಿಟ್ಟು ಬೇರೆ ಯಾವುದಕ್ಕೂ ಗ್ಯಾರಂಟಿ ಕೊಡದ ಮನುಷ್ಯ, ಸೂಜಿಗೆ ಗ್ಯಾರಂಟಿ ಕೊಟ್ಟರು!

ಈಗಿನವರಿಗೆ ಒಂದು ವಿಷಯ ಹೇಳಬೇಕು. ಆಗ ಒಮ್ಮೆ ಚುಚ್ಚಿ ಬಿಸಾಡುವ ಸೂಜಿ ನಮ್ಮ ಕಡೆ ಇರಲಿಲ್ಲ. ಗಾಜಿನ ಸಿರಿಂಜು, ಸ್ಟೀಲಿನ ಸೂಜಿ. ದಿನಾ ಕುದಿಸುವುದು, ಮೊಂಡಾದರೆ ಕಲ್ಲಿಗೆ ಉಜ್ಜುವುದು. ಭಾವ ಪೇಟೆಯ ಕ್ಷೌರದ ಅಂಗಡಿಯಿಂದ ಒಂದು ಹಳೆಯ ಸಾಣೆಕಲ್ಲು ಕೇಳಿ ತಂದರು. ಬೆಳಿಗ್ಗೆ ಐದಕ್ಕೆ ಎದ್ದು ಸೂಜಿ ಉಜ್ಜುವರು. ಸೀಮೆಎಣ್ಣೆ ಸ್ಟೌವಿನಲ್ಲಿ ಕುದಿಸುವರು. ಅದನ್ನು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕುವರು. ಎರಡು ನಿಮಿಷ ಬಿಟ್ಟು ಹೊರಗೆ ಬಂದು ಅದೇ ಸೂಜಿಯನ್ನು ಮತ್ತೊಮ್ಮೆ ಕುದಿಸುವರು!

"ಒಳಗೆ ಎಂತ ಮಾಡ್ತೀರಿ ಭಾವ?" ಎಂದು ನಾನು ಒಮ್ಮೆ ಕೇಳಿದೆ.

"ಚೆಕಿಂಗ್."

"ಅದಕ್ಕೆ ಚಿಲಕ ಯಾಕೆ?"

"ಚೆಕಿಂಗ್ ಮಾಡುವಾಗ ಪ್ಯಾಸೆಂಜರು ಅಡ್ಡ ಬರಬಾರದು."

ಸೀಮೆಎಣ್ಣೆ ರೇಶನ್ನಿನಲ್ಲಿ ಸಿಗುವ ಕಾಲ. ಒಂದೇ ಸೂಜಿಯನ್ನು ಎರಡು ಸಲ ಬೇಯಿಸುವ ಮನುಷ್ಯನ ಬಗ್ಗೆ ನಾವು ಮನೆಮಂದಿಯೆಲ್ಲ ಎಷ್ಟು ನಗಾಡಿದ್ದೇವೆ ಎಂದು ಲೆಕ್ಕವಿಲ್ಲ. ಅಕ್ಕ ಮಾತ್ರ, "ನಗಾಡಿ, ನಗಾಡಿ. ಅವರ ಕೈಗುಣ ಹಾಗುಂಟು, ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ," ಎನ್ನುತ್ತಿದ್ದಳು. ಭಾವನಿಗೆ ಅಷ್ಟು ಸಾಕಿತ್ತು.

ಸೂಜಿ ಕೈಗೆ ಬಂದ ಮೇಲೆ ಜ್ಞಾನ ಬೇಡವೇ? ಡಾಕ್ಟ್ರು ಓದಿ ಮೂಲೆಗೆಸೆದ ಇಂಗ್ಲಿಷ್ ವೈದ್ಯಕೀಯ ಪತ್ರಿಕೆಗಳನ್ನು ಭಾವ ಕಟ್ಟು ಕಟ್ಟಿ ಮನೆಗೆ ತಂದರು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ಊರುಗಳ ಹೆಸರು ಮತ್ತು ‘ರೈಟ್’. ಹಾಗಾಗಿ ಮೂಡುಬಿದಿರೆಯ ಹತ್ತಿರದ ಶಾಲೆಯಲ್ಲಿ ಟೀಚರಾಗಿದ್ದ ನನ್ನ ತಲೆಗೆ ಓದಿ ಹೇಳುವ ಕೆಲಸ ಬಂತು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳು ವೇಣೂರು ದಾರಿಯ ಬಸ್ಸು ಹಿಡಿದು ಅಕ್ಕನ ಮನೆಗೆ ಬರಬೇಕು, ಡಿಕ್ಷನರಿ ತೊಡೆಯ ಮೇಲೆ ಇಟ್ಟುಕೊಂಡು ಜಗತ್ತಿನ ಸಂಶೋಧನೆಗಳನ್ನು ಕನ್ನಡದಲ್ಲಿ ಹೇಳಬೇಕು. ನಾನು ಒಂದನೇ ಕ್ಲಾಸಿನ ಮಕ್ಕಳಿಗೆ ಕಾಗುಣಿತ ಕಲಿಸುವವಳು! ರಿಸೆಪ್ಟರ್ ಎಂಬ ಶಬ್ದದ ಹತ್ತಿರ ಬಂದು ನನ್ನ ಗಾಡಿ ನಿಂತಿತು. ಡಿಕ್ಷನರಿಗೂ ಸರಿಯಾಗಿ ಗೊತ್ತಿರಲಿಲ್ಲ. ಭಾವ ಡಾಕ್ಟ್ರ ಹತ್ತಿರ ಹೋಗಿ ಕೇಳಿಕೊಂಡು ಬಂದು ನನಗೇ ಪಾಠ ಮಾಡಿದರು.

"ನೋಡು, ಇನ್ಸುಲಿನ್ ಅಂದ್ರೆ ಬಸ್ಸು. ಬಸ್ಸು ಸ್ಟಾಪಿನಲ್ಲಿ ನಿಲ್ಲಬೇಕಾದ್ರೆ ಎಂತ ಬೇಕು?"

"ಬ್ರೇಕ್."

"ಅಲ್ಲ ಮಾರಾಯ್ತಿ. ಕೈ ಅಡ್ಡ ಹಿಡಿಯುವವ ಬೇಕು. ಜೀವಕೋಶದ ಬಾಗಿಲಲ್ಲಿ ಹಾಗೆ ಕೈ ಹಿಡಿದು ನಿಂತವನೇ ರಿಸೆಪ್ಟರ್. ಅವ ಕೈ ಹಿಡಿಯದಿದ್ರೆ ಬಸ್ಸು ಸೀದಾ ಉಜಿರೆಗೆ ಹೋಗ್ತದೆ."

"ಉಜಿರೆಗೆ ಹೋದ್ರೆ?"

"ಹೋದ್ರೆ ಎಂತ, ಸಕ್ಕರೆ ಎಲ್ಲ ಮೂತ್ರದಲ್ಲಿ ಹೋಗ್ತದೆ."

ಅಂದಿನಿಂದ ಭಾವನ ಕಣ್ಣಿಗೆ ಲೋಕವೆಲ್ಲ ರಿಸೆಪ್ಟರ್. ಅಡುಗೆಗೆ ಉಪ್ಪು ಸಾಲದೆಂದು ಹೇಳಿದರೆ ನಾಲಗೆಯ ರಿಸೆಪ್ಟರ್ ರಜೆಯಲ್ಲಿದೆ. ಮಕ್ಕಳಿಗೆ ಮಗ್ಗಿ ಬಾರದಿದ್ದರೆ ಟೀಚರ ಬಸ್ಸು ಬಂದರೂ ಕೈ ಹಿಡಿಯುವವರಿಲ್ಲ. ವಾಮದಪದವಿನ ಕಡೆಯ ಒಬ್ಬ ಅಜ್ಜ ಬಸ್ಸಿಗೆ ಕಾಯುತ್ತ ಹೊಟ್ಟೆ ಉರಿ ಎಂದು ಹೇಳಿದ್ದೇ ತಡ, ಭಾವ ಬಾಯಿಂದ ಸೀಟಿ ತೆಗೆದರು.

"ಹೊಟ್ಟೆಯಲ್ಲಿಯೂ ರಿಸೆಪ್ಟರ್ ಉಂಟು ಅಜ್ಜ. ಅದಕ್ಕೆ ಅಡ್ಡ ನಿಲ್ಲುವ ಮಾತ್ರೆ ವಿಲಾಯತಿಯಲ್ಲಿ ಬಂದಿದೆ."

"ಇಲ್ಲಿಗೆ ಯಾವಾಗ ಬರ್ತದೆ?"

"ಅದು ಬರುವಾಗ ನೀವು ಇರುವುದಿಲ್ಲ."

ಅಜ್ಜನಿಗೆ ಆ ದಿನ ಹೊಟ್ಟೆಯ ಜೊತೆಗೆ ಎದೆಯೂ ಉರಿಯಿತಂತೆ.

ಲೋಕದ ವಿಜ್ಞಾನ ಅಷ್ಟು ದೂರ ಮುಂದೆ ಹೋಗಿದ್ದರೂ ಭಾವನ ಸ್ವಂತ ಪ್ರಯೋಗಾಲಯ ಅಕ್ಕನ ಅಡುಗೆಮನೆಯ ಕಿಟಕಿಯಲ್ಲೇ ಇತ್ತು. ಒಂದು ಸ್ಪಿರಿಟ್ ದೀಪ, ಎರಡು ಗಾಜಿನ ನಳಿಗೆ, ಒಂದು ಬಾಟ್ಲಿ ನೀಲಿ ದ್ರಾವಣ. ನೀಲಿ ನೀರಿಗೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ಬಣ್ಣ ಬದಲಾಗುತ್ತದೆ. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ಆದರೆ ಉಂಟು. ಇಟ್ಟಿಗೆ ಬಣ್ಣಕ್ಕೆ ಹೋದರೆ ಡಾಕ್ಟ್ರ ಹತ್ತಿರ ಓಡಬೇಕು. ಇದು ಅಕ್ಕನೊಬ್ಬಳಿಗೆ ಇದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಭಾವ ಬಂದ ನೆಂಟರನ್ನೂ ಬಿಡುತ್ತಿರಲಿಲ್ಲ.

ವಿಟ್ಲದಿಂದ ನನ್ನನ್ನು ನೋಡಲು ಹುಡುಗ ಮತ್ತು ಅವನ ಅಪ್ಪ ಬಂದರು. ಎರಡೂ ಕಡೆಗೆ ಬಸ್ಸಿನ ಅನುಕೂಲ ಎಂದು ಅಕ್ಕನ ಮನೆಯಲ್ಲೇ ಶಾಸ್ತ್ರ. ಗೋಳಿಬಜೆ ಆಯಿತು, ಕಾಫಿ ಆಯಿತು. ಹುಡುಗನ ಅಪ್ಪ ಸಂತೋಷದಲ್ಲಿದ್ದರು. ಆಗ ಭಾವ ಒಂದು ಖಾಲಿ ಸಣ್ಣ ಬಾಟ್ಲಿ ತಂದು ಹುಡುಗನ ಮುಂದಿಟ್ಟರು.

"ತಪ್ಪು ತಿಳಿಯಬೇಡಿ. ಜಾತಕ ಕೂಡಿ ಬಂದಿದೆ. ಇದೊಂದು ಬಾಕಿ."

ಹುಡುಗನ ಅಪ್ಪ ಶಾಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಒಳಗೆ ಬಾಗಿಲ ಸಂದಿಯಲ್ಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹುಡುಗ ಮಾತ್ರ ಬಾಟ್ಲಿ ಎತ್ತಿಕೊಂಡು, "ಬಚ್ಚಲು ಎಲ್ಲಿ?" ಎಂದು ಕೇಳಿದ. ಐದು ನಿಮಿಷದಲ್ಲಿ ಎಲ್ಲರ ಎದುರೇ ದೀಪ ಹೊತ್ತಿತು, ನಳಿಗೆ ಕುದಿಯಿತು. ಅಚ್ಚ ನೀಲಿ! "ಪಾಸು," ಎಂದರು ಭಾವ.

"ಹುಡುಗಿಯದ್ದು ನೋಡಿದ್ದೀರಾ?" ಹುಡುಗ ಕೇಳಿದ.

"ಕಳೆದ ಶನಿವಾರವೇ ನೋಡಿ ಆಗಿದೆ."

ನನ್ನ ಮದುವೆ ಹೀಗೆ ನಿಶ್ಚಯವಾಯಿತು. ಮಾವ ಮಾತ್ರ ಇರುವಷ್ಟು ದಿನವೂ ಆ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ.

ಔಷಧಿಯದ್ದು ಬೇರೆಯೇ ಕಥೆ. ಇನ್ಸುಲಿನ್ ತಣ್ಣಗಿರಬೇಕು. ಮಂಗಳೂರಿನಿಂದ ಅದು ಬೆಳಗಿನ ಬಸ್ಸಿನ ಡ್ರೈವರನ ಕೈಯಲ್ಲಿ, ಐಸು ತುಂಬಿದ ಫ್ಲಾಸ್ಕಿನಲ್ಲಿ ಬರುತ್ತಿತ್ತು. ಒಂದು ಎಪ್ರಿಲ್ ತಿಂಗಳಿನಲ್ಲಿ ಭಾವ ಫ್ಲಾಸ್ಕ್ ತೆರೆದರೆ ಬಾಟ್ಲಿ ಮಾತ್ರ ಉಂಟು, ಐಸಿಲ್ಲ, ಒಳಗೆ ಬೆಚ್ಚಗೆ.

"ಔಷಧಿ ಮುಟ್ಟಲಿಲ್ಲ ಅಣ್ಣ, ದೇವರಾಣೆ. ಬಂಟ್ವಾಳದಲ್ಲಿ ಸೆಖೆ ತಡೆಯಲಿಕ್ಕೆ ಆಗಲಿಲ್ಲ. ಐಸು ಮಾತ್ರ ಶರಬತ್ತಿಗೆ ಹಾಕಿದ್ದು," ಎಂದ ಡ್ರೈವರ್.

ಭಾವ ಅವನಿಗೆ ಬೈಯಲಿಲ್ಲ. ಒಂದು ತಿಂಗಳು ಅವನ ಬಸ್ಸು ಅರ್ಧ ನಿಮಿಷ ತಡವಾದರೂ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಮನೆಯಲ್ಲಿ ಫ್ರಿಜ್ಜೆಲ್ಲಿ? ಔಷಧಿಯನ್ನು ಅಗಲ ಬಾಯಿಯ ಬಾಟ್ಲಿಯಲ್ಲಿಟ್ಟು, ಮುಚ್ಚಳ ಬಿಗಿದು, ಕೆಂಪು ನೂಲಿನ ಹಗ್ಗದಲ್ಲಿ ಬಾವಿಗೆ ಇಳಿಸಿಟ್ಟರು. ನಮ್ಮ ಕಡೆ ಬಾವಿಯಲ್ಲಿ ಕೆಂಪು ನೂಲು ಕಟ್ಟಿದ ಬಾಟ್ಲಿ ಕಂಡರೆ ಯಾರು ಔಷಧಿ ಎಂದು ತಿಳಿಯುತ್ತಾರೆ? ಇಣುಕಿ ನೋಡಿದ ನೆರೆಮನೆಯಾಕೆ ಇದು ಮಾಟವೇ ಎಂದು ತೀರ್ಮಾನಿಸಿ, ಎದುರು ಮದ್ದಾಗಿ ಮಂತ್ರಿಸಿದ ಲಿಂಬೆಹಣ್ಣೊಂದನ್ನು ಪಕ್ಕದಲ್ಲೇ ಇಳಿಬಿಟ್ಟಳು. ಮರುದಿನ ಭಾವನಿಗೆ ಬಾಟ್ಲಿಯ ಜೊತೆ ಲಿಂಬೆಯೂ ಸಿಕ್ಕಿತು. ಯಾರೋ ಪುಣ್ಯಾತ್ಮರು ತಣ್ಣಗಿಡಲು ಇಟ್ಟದ್ದೆಂದು ಶರಬತ್ತು ಮಾಡಿ ಕುಡಿದರು. ಆಕೆ ಹದಿನೈದು ದಿನ ಇವರು ರಕ್ತ ಕಾರುವುದನ್ನು ಕಾದು, ಕೊನೆಗೆ ಲಿಂಬೆ ಮಂತ್ರಿಸಿ ಕೊಟ್ಟ ಮಂತ್ರವಾದಿಗೇ ಶಾಪ ಹಾಕಿದಳು.

ಇನ್ನು ಆ ಔಷಧಿ ಯಾವ ಪ್ರಾಣಿಯ ಹೊಟ್ಟೆಯಿಂದ ಬರುತ್ತದೆ ಎಂಬುದು ಮನೆಯಲ್ಲಿ ಯಾರೂ ಎತ್ತದ ಮಾತು. ಅಕ್ಕ ಮೊಟ್ಟೆಯ ಬುಟ್ಟಿ ಕಂಡರೂ ದಾರಿ ಬದಲಿಸುವವಳು. ಬಾಟ್ಲಿ ಬಂದ ಕೂಡಲೇ ಭಾವ ಅದರ ಲೇಬಲನ್ನು ನೀರಿನಲ್ಲಿ ನೆನೆಸಿ ಕಿತ್ತು ಒಲೆಗೆ ಹಾಕುತ್ತಿದ್ದರು. ಮದುವೆಯಾದ ಮೇಲೂ ನನ್ನ ಶನಿವಾರ ತಪ್ಪಿರಲಿಲ್ಲ; ಎಷ್ಟೋ ವರ್ಷ ಕಳೆದ ಮೇಲೆ ಒಂದು ಶನಿವಾರ ನಾನು ಪತ್ರಿಕೆಯಲ್ಲಿ ಓದಿ ಹೇಳಿದೆ: ಸೂಕ್ಷ್ಮಜೀವಿಗಳಿಗೆ ಕಲಿಸಿ, ಮನುಷ್ಯರ ಇನ್ಸುಲಿನ್ನನ್ನೇ ಅವುಗಳಿಂದ ಮಾಡಿಸುತ್ತಾರಂತೆ, ಇನ್ನು ಪ್ರಾಣಿ ಬೇಡವಂತೆ. ಭಾವ ಎದ್ದು ಅಡುಗೆಮನೆಗೆ ಓಡಿದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು:

"ನನಗೆ ಮೊದಲನೇ ದಿನವೇ ಗೊತ್ತಾಗಿದೆ. ಒಳ್ಳೆಯ ಸುದ್ದಿ ಇದ್ರೆ ಲೇಬಲ್ ಯಾಕೆ ಕೀಳ್ತೀರಿ?"

ಅಷ್ಟು ವರ್ಷದಲ್ಲಿ ಭಾವನ ಗುಟ್ಟು ರಟ್ಟಾದದ್ದು ನಾನು ಕಂಡದ್ದು ಅದೊಂದೇ ಸಲ.

ಇಲ್ಲ, ಇನ್ನೊಂದು ಸಲ ಉಂಟು. ಅದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು.

ಅದೂ ಒಂದು ಶನಿವಾರ. ನಾನು ಬಸ್ಸಿನಿಂದ ಇಳಿಯುವಾಗ ನಿಲ್ದಾಣದಲ್ಲಿ ಜನ ಸೇರಿದ್ದರು. ಭಾವ ಒಂದು ಬಸ್ಸನ್ನು ಹಿಂದೆ ತೆಗೆಸಲು "ಬರ್ಲಿ, ಬರ್ಲಿ" ಎನ್ನುತ್ತ ತಾನೂ ಹಿಂದೆ ಹಿಂದೆ ಹೋಗಿ ಚರಂಡಿಗೆ ಬಿದ್ದಿದ್ದರು. ಬಸ್ಸು ಸರಿಯಾದ ಜಾಗದಲ್ಲೇ ನಿಂತಿತ್ತು. ನಾಲ್ಕು ಜನ ಎತ್ತಿ ಡಾಕ್ಟ್ರ ಹತ್ತಿರ ತಂದೆವು. ಕಾಲು ಮುರಿದಿತ್ತು. ಡಾಕ್ಟ್ರು ಪಂಚೆ ಮೇಲೆ ಸರಿಸಿದವರು ಎಡದ ತೊಡೆಯನ್ನು ನೋಡುತ್ತ ನಿಂತುಬಿಟ್ಟರು. ನಾನೂ ನೋಡಿದೆ. ತೊಡೆಯ ತುಂಬ ಸೂಜಿಯ ಗುರುತು. ಹಳತರ ಮೇಲೆ ಹೊಸತು; ಕಪ್ಪಾಗಿ, ಅಲ್ಲಲ್ಲಿ ಗಟ್ಟಿಯಾಗಿ, ಬೆರಳಿಡಲು ಜಾಗವಿಲ್ಲ.

"ಇವರಿಗೂ ಸಕ್ಕರೆ ಉಂಟಾ? ನನ್ನಲ್ಲಿ ಹೇಳಲೇ ಇಲ್ಲವಲ್ಲ?" ಎಂದರು ಡಾಕ್ಟ್ರು.

"ಇಲ್ಲ ಡಾಕ್ಟ್ರೇ, ಇವರದ್ದು ಯಾವತ್ತೂ ನೀಲಿ," ಎಂದೆ ನಾನು. ಹೇಳುತ್ತಿರುವಾಗಲೇ ಹಿಂದಿನ ಕೋಣೆಯ ಚಿಲಕ ನೆನಪಾಯಿತು.

ಭಾವ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಆಮೇಲೆ, "ಮೊಂಡಾಗಿದೆಯಾ ಅಂತ ಹತ್ತಿಯಲ್ಲಿ ಎಳೆದು ನೋಡ್ಬೇಕು ಅಂತ ನೀವೇ ಹೇಳಿದ್ದು ಡಾಕ್ಟ್ರೇ. ಹತ್ತಿಗೆ ನೋವು ಉಂಟಾ?" ಎಂದರು. ನನ್ನ ಕಡೆ ತಿರುಗಿ, "ಅಕ್ಕನಿಗೆ ಹೇಳ್ಬೇಡ. ಗೊತ್ತಾದ್ರೆ ಚುಚ್ಚಿಸಿಕೊಳ್ಳುವುದಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಭಾವ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಸೂಜಿ ನನ್ನ ಪಾಲಿಗೆ ಬಂತು. ಉಜ್ಜಿದೆ, ಕುದಿಸಿದೆ, ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿದೆ. ಸೀರೆ ಮೇಲೆತ್ತಿ ಚುಚ್ಚಿಕೊಂಡೆ. ಕಣ್ಣಲ್ಲಿ ನೀರು ಬಂತು, ಅಷ್ಟು ನೋವು. ಮತ್ತೆ ಕಲ್ಲಿಗೆ ಉಜ್ಜಿದೆ, ಕುದಿಸಿದೆ, ಚುಚ್ಚಿಕೊಂಡೆ. ಮೂರನೇ ಸಲಕ್ಕೆ ಸೂಜಿ ಹೋದದ್ದೇ ಗೊತ್ತಾಗಲಿಲ್ಲ. ಹೊರಗೆ ಬಂದು ಕೊನೆಯ ಸಲ ಕುದಿಯಲು ಇಟ್ಟೆ.

"ಎಷ್ಟು ಸಲ ಬೇಯಿಸ್ತಿ? ಭಾವನ ಹುಚ್ಚು ನಿನಗೂ ಹಿಡಿಯಿತಾ?" ಎಂದು ಅಕ್ಕ ನಗಾಡಿದಳು.

ಚುಚ್ಚಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

"ಯಾವಾಗ ಚುಚ್ಚುವುದು?" ಎಂದು ಕೇಳಿದಳು.

"ಆಯ್ತು," ಎಂದೆ.

ಹಾಸಿಗೆಯಲ್ಲಿ ಮಲಗಿದ್ದ ಭಾವ ತಲೆ ಎತ್ತಿ ನನ್ನ ಮುಖ ನೋಡಿದರು. ಮೆಲ್ಲಗೆ ದಿಂಬಿನ ಅಡಿಗೆ ಕೈ ಹಾಕಿ ಸಾಣೆಕಲ್ಲಿಗೆ ಹಚ್ಚುವ ಎಣ್ಣೆಯ ಬಾಟ್ಲಿ ತೆಗೆದು ನನಗೆ ಕೊಟ್ಟರು.

"ನಾಳೆಗೆ ಇದನ್ನು ಎರಡು ಹನಿ ಹಾಕು. ಒಂದೇ ಸಲಕ್ಕೆ ಆಗ್ತದೆ," ಎಂದರು.