ಸರಿಯಾದ ಗಂಡನನ್ನು ಗುರುತಿಸಿ

"ಇದರ ಹೆಸರು ತಪ್ಪೋತ್ಪಾದಕ!" ಎಂದು ಪಾಲಾಕ್ಷಯ್ಯ ಊಟದ ಮೇಜಿನ ಮೇಲಿದ್ದ ಟವೆಲ್ಲನ್ನು ಸರ್ರನೆ ಎಳೆದರು.

ಅಡಿಯಲ್ಲಿ ಒಂದು ಹಳೇ ಮಿಕ್ಸಿಯ ಮೋಟಾರು, ಅದರ ಸುತ್ತ ತಾಮ್ರದ ಕಾಯಿಲು, ಮೋಟಾರಿನ ನೆತ್ತಿಯ ಮೇಲೆ, ಬಸ್ ಕಂಡಕ್ಟರುಗಳು ಕೈಯಲ್ಲಿ ಹಿಡಿದಿರುತ್ತಾರಲ್ಲ, ಅಂಥ ಟಿಕೆಟ್ ಮಿಷನ್ನು. ಮಂಗಳಗೌರಿ ಮೇಡಂ ಬಾಗಿಲ ಹತ್ತಿರಕ್ಕೆ ಸರಿದು ನಿಂತರು. ಗಂಡ ಟವೆಲ್ ಎಳೆದಾಗಲೆಲ್ಲ ಬಾಗಿಲ ಹತ್ತಿರ ನಿಲ್ಲುವುದು ಅವರಿಗೆ ರೂಢಿ. ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಪಾಲಾಕ್ಷಯ್ಯ ಮಿಕ್ಕ ಹೊತ್ತಿನಲ್ಲಿ ವಿಜ್ಞಾನಿ. ಅವರು ಹಿಂದೆ ಕಂಡುಹಿಡಿದ ಚಪಾತಿ ಯಂತ್ರ ಲಟ್ಟಿಸಿದ್ದು ಮೇಡಂ ಅವರ ಕೈಗಡಿಯಾರವನ್ನು!

ಮೇಡಂ ಮೊದಲೇ ಪುಕ್ಕಲು. ಶಾಲೆಗೆ ಲಕೋಟೆ ಬಂದರೆ ತನಗೇ ನೋಟಿಸು ಅಂದುಕೊಳ್ಳುವವರು. ಅಂಥವರ ತಲೆಗೆ ಈಗ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಸಮಾಜ ವಿಜ್ಞಾನದ ಪ್ರಶ್ನೆ ಬರೆದುಕೊಡುವ ಕೆಲಸ ಬಿದ್ದಿತ್ತು. ಪ್ರತಿ ಪ್ರಶ್ನೆಯೂ ಒಂದು ಕಲಿಕಾ ಫಲಕ್ಕೆ ಹೊಂದಬೇಕು, ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಹೇಳಿದ ಹಾಗೆ ಸುಲಭವೋ ಕಠಿಣವೋ ಆಗಬೇಕು. ಅದನ್ನೆಲ್ಲ ಅವರು ಹೇಗೋ ಮಾಡಿಯಾರು. ಪ್ರಾಣ ಹಿಂಡುತ್ತಿದ್ದದ್ದು ತಪ್ಪು ಉತ್ತರಗಳು! ನಾಲ್ಕು ಆಯ್ಕೆಯಲ್ಲಿ ಮೂರು ತಪ್ಪಿರಬೇಕು, ಆದರೂ ಮಗುವಿಗೆ ಇದೇ ಸರಿ ಇರಬಹುದೇನೋ ಅನ್ನಿಸಬೇಕು. ಮಕ್ಕಳು ಎಲ್ಲಿ ಎಡವುತ್ತಾರೋ ಅಲ್ಲಿಂದಲೇ ತಪ್ಪು ಉತ್ತರವನ್ನು ಹೆಕ್ಕಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೇಡಂ ಮೂರು ದಿನದಿಂದ ಹೆಕ್ಕುತ್ತಲೇ ಇದ್ದರು.

"ಪ್ರತಿ ಸರಿ ಉತ್ತರದ ಪಕ್ಕದಲ್ಲೂ, ಆಗಬಹುದಾಗಿತ್ತು ಆದ್ರೆ ಆಗ್ಲಿಲ್ಲ ಅನ್ನೋಂಥ ಮೂರು ತಪ್ಪು ಇದ್ದೇ ಇರ್ತವೆ ಕಣೇ ಗೌರಿ," ಎಂದರು ಪಾಲಾಕ್ಷಯ್ಯ. "ಅವು ಪಕ್ಕದ ಲೋಕಗಳಲ್ಲಿ ಇರ್ತವೆ. ನನ್ನ ಕಾಯಿಲು ಅವನ್ನ ಎಳ್ಕೊಂಡು ಬರುತ್ತೆ!"

"ಪಕ್ಕದ ಲೋಕದವರನ್ನ ಒಂದ್ ಮಾತು ಕೇಳಿದೀರಾ?"

"ನೀನು ಪ್ರಶ್ನೆ ಕೇಳು, ಅಧಿಕಪ್ರಸಂಗ ಬೇಡ," ಎಂದು ಪಾಲಾಕ್ಷಯ್ಯ ಪ್ಲಗ್ ಚುಚ್ಚಿದರು.

ಮೇಡಂ ಅಂಜುತ್ತಲೇ ಬಗ್ಗಿ ಕೇಳಿದರು. "ಬಂಗಾಳದ ವಿಭಜನೆಯಾದ ವರ್ಷ ಯಾವುದು?"

ಮಿಕ್ಸಿ ಗುರ್ರೆಂದಿತು. ಟಿಕೆಟ್ ಮಿಷನ್ನಿನಿಂದ ಚೀಟಿ ಹೊರಬಂತು. (ಎ) 1903 (ಬಿ) 1911 (ಸಿ) 1905 (ಡಿ) 1907. ಪ್ರತಿ ಆಯ್ಕೆಯ ಪಕ್ಕದಲ್ಲೂ ಒಂದು ಪುಟ್ಟ ವೃತ್ತ. ಕೆಳಗೆ, 'ಕಪ್ಪು ಅಥವಾ ನೀಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಿ. ಒಮ್ಮೆ ತುಂಬಿದ ಉತ್ತರವನ್ನು ಬದಲಿಸುವಂತಿಲ್ಲ.'

"ಅಯ್ಯೋ, 1911!" ಮೇಡಂ ಮುಖ ಅರಳಿತು. "ವಿಭಜನೆ ರದ್ದಾಗಿದ್ದು ಆ ವರ್ಷ. ನಮ್ಮ ಮಕ್ಕಳು ಎಡವೋದೇ ಅಲ್ಲಿ ಕಣ್ರೀ! ಎಷ್ಟು ಚೆನ್ನಾಗಿ ತಪ್ಪಾಗಿದೆ!"

ಮದುವೆಯಾದ ಮೇಲೆ ಗಂಡನ ಯಂತ್ರವನ್ನು ಅವರು ಹೊಗಳಿದ್ದು ಅದೇ ಮೊದಲು. ಚೀಟಿಯನ್ನು ಸರಿಯಾಗಿ ಓದೋಣವೆಂದು ಸುತ್ತಮುತ್ತ ತಡಕಾಡಿದರು. "ನನ್ನ ಕನ್ನಡಕ ಎಲ್ಲಿ?"

ಮಿಕ್ಸಿ ಮತ್ತೆ ಗುರ್ರೆಂದಿತು. ಮೇಜಿನ ಮೇಲೆ ಎ, ಬಿ, ಸಿ, ಡಿ ಎಂದು ಗುರುತಿದ್ದ ನಾಲ್ಕು ಕನ್ನಡಕ, ಜೊತೆಗೊಂದು ಹೊಸ ಚೀಟಿ! ನಾಲ್ಕಕ್ಕೂ ಅದೇ ಕಂದು ಕಟ್ಟು, ಅದೇ ಸಡಿಲ ಕಾಲು. ಒಂದನ್ನು ಹಾಕಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರವೆಲ್ಲ ಸೋಮವಾರವಾಗಿ ಕಾಣುತ್ತಿತ್ತು. ಮೇಡಂ ಹೌಹಾರಿ ಅದನ್ನು ಕಿತ್ತಿಟ್ಟು, ಒಂದೊಂದಾಗಿ ನೋಡಿ, ಕೊನೆಗೆ ತನ್ನದೇ ಎಂದು ಖಾತ್ರಿಯಾದ 'ಬಿ'ಯನ್ನು ಹೊಸ ಚೀಟಿಯಲ್ಲಿ ತುಂಬಿದರು. ಉಳಿದ ಮೂರು ಟಪ್ಪೆಂದು ಮಾಯವಾದವು.

"ವಸ್ತುಗಳನ್ನೂ ತರುತ್ತೆ!" ಪಾಲಾಕ್ಷಯ್ಯ ಕುಣಿದರು.

"ಮೊದ್ಲು ಆರಿಸ್ರೀ ಅದನ್ನ! ಸ್ವಿಚ್ ಎಲ್ಲಿ..." ಪ್ರಶ್ನೆ ಪೂರ್ತಿಯಾಗುವ ಮೊದಲೇ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು.

"ಸ್ವಿಚ್ಚಿಗೆ ಜಾಗ ಸಾಲ್ಲಿಲ್ಲ. ಪ್ಲಗ್ ಕಿತ್ರೂ ಪ್ರಯೋಜನ ಇಲ್ಲ, ಒಳಗೆ ಬ್ಯಾಟರಿ ಇದೆ. ಅದು ತಾನಾಗಿ ಇಳಿಯೋವರೆಗೂ ಈ ಮನೇಲಿ ಯಾರೂ ಏನೂ ಕೇಳ್ಬಾರ್ದು, ಅಷ್ಟೆ."

ಅಷ್ಟೆಯಂತೆ! ಅಷ್ಟರಲ್ಲಿ ಪಕ್ಕದ ಮನೆಯ ಸರ್ವಮಂಗಳಮ್ಮ ಲೋಟ ಹಿಡಿದು ಒಳಗೆ ಬಂದೇಬಿಟ್ಟರು. "ಮೇಡಂ, ಒಂಚೂರು ಹಾಲಿದೆಯಾ?"

ಮೇಜಿನ ಮೇಲೆ ನಾಲ್ಕು ಪಾತ್ರೆ, ನಾಲ್ಕರಲ್ಲೂ ಬೆಳ್ಳಗಿನ ದ್ರವ. ಮೇಡಂ ಮೂಸಿ ನೋಡೋಣವೆಂದು ಬಗ್ಗುವಷ್ಟರಲ್ಲಿ ಪಾಲಾಕ್ಷಯ್ಯ, "ಇದೇನು ಮಹಾ, ಎ!" ಎಂದು ಆಗಷ್ಟೇ ಬಂದ ಚೀಟಿಯಲ್ಲಿ ವೃತ್ತ ತುಂಬಿಯೇಬಿಟ್ಟರು. ಮೂರು ಪಾತ್ರೆ ಮಾಯ. ಉಳಿದದ್ದರಲ್ಲಿ ಸರ್ವಮಂಗಳಮ್ಮ ಬೆರಳು ಅದ್ದಿ ನೋಡಿದರು. ಸುಣ್ಣದ ನೀರು!

"ನಮ್ಮ ಹಾಲು..." ಮೇಡಂ ಎಚ್ಚರದಿಂದ ಮಾತನ್ನು ಪ್ರಶ್ನೆಯಾಗದ ಹಾಗೆ ತಿರುಗಿಸಿದರು. "ನಮ್ಮ ಹಾಲು ಎಲ್ಲಿ ಹೋಯ್ತೋ ನಂಗೊತ್ತಿಲ್ಲ."

"ಪಕ್ಕದ ಲೋಕಕ್ಕೆ," ಎಂದರು ಪಾಲಾಕ್ಷಯ್ಯ, ತಲೆ ಕೆರೆದುಕೊಳ್ಳುತ್ತ. "ತಪ್ಪು ಗುರುತಿಸಿದ್ರೆ ಸರಿಯಾದ್ದು ಆ ಕಡೆ ಹೋಗುತ್ತೆ, ತಪ್ಪು ಈ ಕಡೆ ಉಳಿಯುತ್ತೆ. ವಾಪಸ್ಸು ಬರಲ್ಲ. ತತ್ವದ ಪ್ರಕಾರ ಸರಿಯಾಗೇ ಇದೆ."

"ನಾನು ಹಾಲಿಲ್ಲದ ಟೀನೇ ಕುಡೀತೀನಿ," ಎಂದು ಸರ್ವಮಂಗಳಮ್ಮ ಹಿಂದೆ ನೋಡದೆ ನಡೆದರು.

ಮೇಡಂಗೆ ರೇಗಿತು. ಕೈಯಲ್ಲಿದ್ದ ನೀಲನಕ್ಷೆಯನ್ನು ಮೇಜಿನ ಮೇಲೆ ಕುಕ್ಕಿ, ಎಚ್ಚರ ತಪ್ಪಿ, ಸಂಸಾರಸ್ಥೆಯರೆಲ್ಲ ಕೇಳುವ ಆ ಪ್ರಶ್ನೆಯನ್ನು ಕೇಳಿಬಿಟ್ಟರು.

"ಇಂಥಾ ಗಂಡ ಲೋಕದಲ್ಲಿ ಇನ್ನೊಬ್ಬ ಇದ್ದಾನೇನ್ರೀ?"

ಮಿಕ್ಸಿ ಯಾವತ್ತೂ ಹಾಗೆ ಗುರ್ರೆಂದಿರಲಿಲ್ಲ. ಮನೆಯ ದೀಪಗಳು ಮಂಕಾದವು. ನಡುಮನೆಯಲ್ಲಿ ಸಾಲಾಗಿ ನಾಲ್ವರು ಪಾಲಾಕ್ಷಯ್ಯ ನಿಂತಿದ್ದರು! ನಾಲ್ವರಿಗೂ ಕಿವಿಯ ಹಿಂದೆ ಟೆಸ್ಟರು, ನಾಲ್ವರ ಪಂಚೆಗೂ ಗ್ರೀಸು. ಬನಿಯನ್ನಿನ ಮೇಲೆ ಮಾತ್ರ ಒಂದೊಂದು ಅಕ್ಷರ, ಎ, ಬಿ, ಸಿ, ಡಿ. ಅದುವರೆಗೆ ಪಕ್ಕದಲ್ಲಿದ್ದವರು ಈ ನಾಲ್ವರಲ್ಲಿ ಯಾರೆಂದು ಮೇಡಂಗೆ ತಿಳಿಯದೇ ಹೋಯಿತು.

ಚೀಟಿ ಬಂತು. 'ಮಂಗಳಗೌರಿಯವರ ಗಂಡ ಯಾರು? ಕೊನೆಯ ಗಂಟೆ ಬಾರಿಸುವುದರೊಳಗೆ ಗುರುತಿಸದಿದ್ದರೆ ಎಲ್ಲ ಆಯ್ಕೆಗಳನ್ನೂ ಹಿಂಪಡೆಯಲಾಗುವುದು. ಅಲ್ಲಿಯವರೆಗೆ ಬೇರೆ ಪ್ರಶ್ನೆಗಳನ್ನು ಸ್ವೀಕರಿಸಲಾಗುವುದಿಲ್ಲ.'

ಮೇಡಂ ನೋಟಿಸಿಗೆ ಹೆದರಿದ್ದರು, ಮೇಲಧಿಕಾರಿಗಳಿಗೆ ಹೆದರಿದ್ದರು, ಹಲ್ಲಿಗೂ ಹೆದರಿದ್ದರು. ಇಂಥ ಭಯವನ್ನು ಮಾತ್ರ ಕಂಡಿರಲಿಲ್ಲ. ಇಷ್ಟು ವರ್ಷ ಬೈದುಕೊಂಡೇ ಜೊತೆಗಿಟ್ಟುಕೊಂಡ ಮನುಷ್ಯ ಹಾಲಿನ ಹಾಗೆ ಆ ಕಡೆ ಹೋಗಿಬಿಟ್ಟರೆ, ಉಳಿಯುವವನು ಯಾರೋ ಏನೋ!

ಅವರು ಪ್ರಶ್ನೆಗಳನ್ನು ಸುಲಭದಿಂದ ಶುರುಮಾಡಿದರು. "ನಮ್ಮ ಮದುವೆ ಯಾವ ಊರಲ್ಲಾಯ್ತು?"

"ಅರಸೀಕೆರೆ!" ನಾಲ್ವರೂ ಒಟ್ಟಿಗೆ.

"ಅವತ್ತು ನಿಮ್ಮ ಚಪ್ಪಲಿ..."

"ಕಳೆದೋಗಿತ್ತು!"

ನೆನಪಿನ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಯೋಚಿಸಿ ಉತ್ತರಿಸುವಂಥ ಅನ್ವಯದ ಪ್ರಶ್ನೆಯನ್ನೇ ಕೇಳಬೇಕು. ಮೇಡಂ ಪೆನ್ನು ಹಿಡಿದುಕೊಂಡೇ ಕೇಳಿದರು. "ನನ್ನ ಕೆಲಸ ಹೋದ್ರೆ ಏನ್ಮಾಡ್ತೀರಾ?"

"ನಾನಿದೀನಲ್ಲ ಗೌರಿ, ಯಾಕೆ ಯೋಚ್ನೆ?" ಎಂದರು ಎ.

"ನಾನೇ ಆಫೀಸಿಗೆ ಹೋಗಿ ಮಾತಾಡ್ತೀನಿ," ಎಂದರು ಬಿ.

ಸಿಯವರ ಕಣ್ಣು ತುಂಬಿಕೊಂಡಿತ್ತು.

"ಕೆಲಸ ಹೋದ್ರೆ ದಿನವಿಡೀ ಮನೇಲೇ ಇರ್ತೀಯ," ಎಂದರು ಡಿ ಗಾಬರಿಯಿಂದ. "ದಿನವಿಡೀ ನನ್ನ ಮಿಷನ್ನುಗಳಿಗೆ ಬೈತೀಯ. ಬೇಡಪ್ಪಾ ಬೇಡ, ಕೆಲಸ ಹೋಗ್ಬಾರ್ದು!"

ಮೇಡಂ ಪೆನ್ನು ಥಟ್ಟನೆ ಡಿಯ ಕಡೆ ತಿರುಗಿತು. ಹಾಗೇ ನಿಂತಿತು. ನಾನು ಎಡವುವ ಕಡೆಯಿಂದಲೇ ತಪ್ಪು ಉತ್ತರ ಹುಟ್ಟಬೇಕಲ್ಲವೇ? ಗಂಡನೆಂದರೆ ಹೀಗೇ ಒರಟು ಎಂದು ನಾನು ಅಂದುಕೊಂಡಿರುವುದೇ ಈ ಡಿ ಆಗಿದ್ದರೆ? ಆ ಸಿ ಯಾಕೆ ಅಳುತ್ತಿದ್ದಾರೆ? ನನ್ನ ಗಂಡ ಯಾವತ್ತಾದರೂ ಅತ್ತಿದ್ದಾರೆಯೇ? ಅತ್ತಿದ್ದರೂ ನಾನು ನೋಡಿದ್ದೇನೆಯೇ?

ಟಿಕೆಟ್ ಮಿಷನ್ನಿನಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ನಾಲ್ವರ ಕಾಲುಗಳೂ ಮಂಡಿಯವರೆಗೆ ಮಸುಕಾದವು.

"ಬೇಗ ತುಂಬೇ, ಮುಂಡೇದು! ಕಾಲೇ ಕಾಣ್ತಿಲ್ಲ!" ಡಿ ಕೂಗಿದರು.

ಮೇಡಂ ಕಣ್ಣು ಮುಚ್ಚಿ ಡಿ ತುಂಬಿದರು.

ಎ ಮತ್ತು ಬಿ ನಗುತ್ತಲೇ ಮಾಯವಾದರು. ಸಿ ಹೋಗುವ ಮುಂಚೆ ಕಣ್ಣೊರೆಸಿಕೊಂಡು, "ಗ್ಯಾಸ್ ಆಫ್ ಮಾಡಿದೀಯೋ ಇಲ್ವೋ ನೋಡ್ಕೋ," ಎಂದರು. ಗ್ಯಾಸು ನಿಜವಾಗಿಯೂ ಉರಿಯುತ್ತಿತ್ತು.

ಕೊನೆಯ ಚೀಟಿ ಬಂತು. 'ಉತ್ತರ ಸ್ವೀಕರಿಸಲಾಗಿದೆ. ಕೀ ಉತ್ತರಗಳನ್ನು ನಂತರ ಪ್ರಕಟಿಸಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ಆಮೇಲೆ ಸಲ್ಲಿಸಬಹುದು.' ಅಷ್ಟು ಮುದ್ರಿಸಿ ಮಿಕ್ಸಿ ಹೊಗೆಯಾಡಿ ಸುಮ್ಮನಾಯಿತು.

"ರೀ, ಕೀ ಉತ್ತರ ಯಾವಾಗ ಬರುತ್ತೆ?"

"ಕಾಯಿಲು ಸುಟ್ಟೋಯ್ತು ಕಣೇ. ಇನ್ನೆಲ್ಲಿಂದ ಬರುತ್ತೆ!"

"ಹಾಗಾದ್ರೆ ನೀವೇ ಹೇಳಿ. ನೀವು ಸರಿಯಾದವ್ರೇ ತಾನೇ?"

"ನಾನು ಯಾವತ್ತು ತಪ್ಪಾಗಿದ್ದೆ?" ಎಂದರು ಉಳಿದ ಪಾಲಾಕ್ಷಯ್ಯ. ಆ ಮಾತನ್ನು ನಾಲ್ವರಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು.

ಪ್ರಶ್ನೆಗಳನ್ನು ಮೇಡಂ ಕೈಯಲ್ಲೇ ಬರೆದುಕೊಟ್ಟರು. ಬಂಗಾಳವನ್ನು ವಿಭಜಿಸಿದವರು ಯಾರು? (ಎ) ಅಶೋಕ (ಬಿ) ಬಾಬರ್ (ಸಿ) ಕರ್ಜನ್ (ಡಿ) ಕೃಷ್ಣದೇವರಾಯ. "ತಪ್ಪು ಉತ್ತರಗಳನ್ನ ಯಾರೂ ನಂಬೋ ಹಾಗೇ ಇಲ್ವಲ್ಲ ಮೇಡಂ!" ಎಂದು ಪರಿಶೀಲಕರು ಆಕ್ಷೇಪಿಸಿದರು. "ನಂಬದೇ ಇರೋದೇ ಕ್ಷೇಮ ಸಾರ್," ಎಂದರು ಮೇಡಂ. ಅಧಿಕಾರಿಯೊಬ್ಬರ ಎದುರು ಅವರು ಎದುರುತ್ತರ ಕೊಟ್ಟದ್ದು ಅದೇ ಮೊದಲು.

ಮನೆಯಲ್ಲಿ ಜಗಳ ಎಂದಿನಂತೆ ನಡೆದಿತ್ತು. ಗಂಡ ಸಿಡುಕಿದಾಗಲೆಲ್ಲ ಮೇಡಂಗೆ ಎದೆ ಹಗುರಾಗುತ್ತಿತ್ತು. ಮೊನ್ನೆ ಭಾನುವಾರ ಊಟಕ್ಕೆ ಕೂತ ಪಾಲಾಕ್ಷಯ್ಯ ಮೊದಲ ತುತ್ತಿಗೇ, "ಇವತ್ತು ಸಾರು ಬಹಳ ಚೆನ್ನಾಗಿದೆ ಗೌರಿ," ಎಂದರು.

ಮೇಡಂ ಕೈಯ ಸೌಟು ನೆಲಕ್ಕೆ ಬಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳದ ಮಾತು! ಬಡಿಸುವುದನ್ನು ಬಿಟ್ಟು ಅವರು ಗಂಡನ ಮುಖವನ್ನೇ ದಿಟ್ಟಿಸಿದರು. ಆಕ್ಷೇಪಣೆ ಸಲ್ಲಿಸಬೇಕು ಅನ್ನಿಸಿತು. ಸಲ್ಲಿಸಿದರೆ ಆ ಮಾತನ್ನೂ ಹಿಂಪಡೆದುಬಿಡುತ್ತಾರೇನೋ ಎಂದು ಹೆದರಿ, ಸೌಟು ತೊಳೆದು ತಂದು ಇನ್ನೊಂದಿಷ್ಟು ಸಾರು ಬಡಿಸಿದರು.